ಬಿಚ್ಚಬ್ಯಾಡ್ರಿ ನನ್ನ!

ನಾನು ಒಂದು ರಕ್ತ ನಿಲ್ಲಿಸುವ ಪಟ್ಟಿ. ಸೈನಿಕರ ಜೇಬಿನಲ್ಲಿರುವ ಜಾತಿ. ಕಾರ್ಖಾನೆಯಲ್ಲಿ ದಪ್ಪ ಮೆತ್ತೆಯೊಂದಕ್ಕೆ, ಎಳೆದರೆ ಹಿಗ್ಗುವ ಉದ್ದನೆಯ ಬಟ್ಟೆ ಹೊಲಿದು, ಬಿಗಿಯಲು ಪ್ಲಾಸ್ಟಿಕ್ ಕೊಂಡಿ ಸಿಕ್ಕಿಸಿ, ಗಾಳಿಯನ್ನೆಲ್ಲ ಹೀರಿ ಪೊಟ್ಟಣದಲ್ಲಿ ಅದುಮಿದರು. ಬೆಂಕಿಪೆಟ್ಟಿಗೆಯಲ್ಲಿ ಆನೆ ಮಲಗಿದ ಹಾಗಿತ್ತು. ಸುಳ್ಳೆನಿಸಿದರೆ ಆ ಆನೆಯನ್ನೇ ಕೇಳಿ.

ಮೂರು ವರ್ಷ ಸಿಪಾಯಿ ಮಾಲತೇಶನ ಜೇಬಿನಲ್ಲಿ ಗಡಿ ಕಾದೆ. ನನಗೆ ಹೆದರಿ ಒಂದು ಗುಂಡೂ ಹತ್ತಿರ ಸುಳಿಯಲಿಲ್ಲ. ದೀಪಾವಳಿ ರಜೆಗೆ ಅವನು ಹಾವೇರಿ ಕಡೆಯ ತನ್ನೂರಿಗೆ ಬಂದಾಗ ನಾನೂ ಬಂದೆ. ಅವನ ತಾಯಿ ಕರಿಯವ್ವ ನನ್ನನ್ನು ಹಿಸುಕಿ ನೋಡಿದಳು.

"ಏನಪಾ ಇದು, ಮಿಲಿಟ್ರಿ ಬಿಸ್ಕೀಟೇನು?"

"ರಕ್ತ ನಿಲ್ಸೂದು ಯವ್ವಾ. ಕಟ್ಟಿದ ಮ್ಯಾಲೆ ದವಾಖಾನಿ ಮುಟ್ಟೂತನಕ ಬಿಚ್ಚಂಗಿಲ್ಲ."

ಮರುದಿನ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ಓಡುತ್ತದೆ. ಹಾರ ಹರಿದವನೇ ಗಂಡು. ಕರಿಯವ್ವನ ಹೋರಿಯ ಹೆಸರು ಸುನಾಮಿ. ಅದು ನುಗ್ಗಿದ ರಭಸಕ್ಕೆ ಮೂವರ ಲುಂಗಿ ಹಾರಿ ಪಕ್ಕದೂರಿನ ಕರೆಂಟ್ ತಂತಿಗೆ ಸಿಕ್ಕಿಕೊಂಡವು.

ಗುತ್ತೆಪ್ಪ ಎಂಬ ಗಟ್ಟಿ ಆಳು ಹಾರಕ್ಕೆ ಜೋತುಬಿದ್ದ. ಸುನಾಮಿ ತಲೆ ಒದರಿತು. ಕೊಂಬು ಅವನ ತೊಡೆಯೊಳಗೆ ಹೊಕ್ಕು, ತಿರುಚಿ, ಮಾಂಸ ಹರಿದುಕೊಂಡು ಹೊರಬಂತು. ರಕ್ತ ಎದೆಬಡಿತಕ್ಕೆ ಸರಿಯಾಗಿ ಚಿಮ್ಮುತ್ತಿತ್ತು. ಇದರಲ್ಲಿ ಒಂದು ಹನಿಯೂ ಉತ್ಪ್ರೇಕ್ಷೆಯಿಲ್ಲ.

ಗುತ್ತೆಪ್ಪನ ಅಣ್ಣ ಉಡಚಪ್ಪ ಗಾಯಕ್ಕೆ ಟವೆಲ್ ಕಟ್ಟಿದ. "ನಿಂತತೇನು ನೋಡೂಣು" ಎಂದು ಬಿಚ್ಚಿದ. ಚಿಮ್ಮಿತು. ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. ಸುತ್ತಲಿನವರಿಗೂ ನೋಡುವ ಆಸೆ. ಮೂರನೆಯ ಸಲಕ್ಕೆ ಗುತ್ತೆಪ್ಪನ ತುಟಿ ಸುಣ್ಣದಂತೆ ಬಿಳಿಚಿತ್ತು.

ಮಾಲತೇಶ ಓಡಿಬಂದು ನನ್ನ ಪೊಟ್ಟಣ ಹರಿದ. ಮೆತ್ತೆಯನ್ನು ಗಾಯದ ಮೇಲೊತ್ತಿ, ಬಟ್ಟೆಯನ್ನು ಕೊಂಡಿಗೆ ಸಿಕ್ಕಿಸಿ ಹಿಂದಕ್ಕೆಳೆದು ಬಿಗಿದ. ಬಿಸಿ ರಕ್ತ ನನ್ನ ಮೈಗೆ ಗುದ್ದುತ್ತಿತ್ತು. ನಾನೂ ತಿರುಗಿ ಗುದ್ದಿದೆ.

ಮೂರು ಗಾಲಿಯ ಟಂಟಂ ಗಾಡಿಯನ್ನು ಮಾಲತೇಶನೇ ಓಡಿಸಿದ. ಹಿಂದೆ ಗುತ್ತೆಪ್ಪ, ಉಡಚಪ್ಪ, ಕರಿಯವ್ವ. ಅರ್ಧ ದಾರಿಗೆ ನಾನು ಕೆಂಪಾದೆ.

"ರಕ್ತ ಬರಾಕತ್ತೇತಿ! ಬಿಚ್ಚಿ ಅರಿಶಿನ ತುಂಬೂಣು" ಎಂದ ಉಡಚಪ್ಪ.

"ಬಿಚ್ಚಬ್ಯಾಡ. ಇನ್ನೂ ಒತ್ತು." ಮಾಲತೇಶ ಮುಂದಿನಿಂದ ಕೂಗಿದ.

"ನಿಮ್ಮ ಹೋರಿನ ಹಾಯ್ದೈತಿ, ನಿಮ್ಮ ಮಾತು ಕೇಳ್ಲೇನು?" ಉಡಚಪ್ಪ ಹಾರದ ಹಗ್ಗ ಕೊಯ್ಯುವ ಚಾಕು ತೆಗೆದು ನನ್ನ ಅಂಚಿಗಿಟ್ಟ.

ಕರಿಯವ್ವ ಎರಡೂ ಅಂಗೈಗಳನ್ನು ನನ್ನ ಮೇಲೆ ಊರಿದಳು. "ಕೊಯ್ಯಿ. ಮೊದಲ ನನ್ನ ಕೈ ಕೊಯ್ಯಿ."

ಚಾಕು ಅವಳ ಬೆರಳಿಗೆ ತಾಗಿ ರಕ್ತ ಬಂತು. ಅವಳು ಕೈ ಎತ್ತಲಿಲ್ಲ. ಉಡಚಪ್ಪ ಒಂದು ಗಳಿಗೆ ಅವಳ ಮುಖ ನೋಡಿದ. ಚಾಕು ಹೊರಗೆಸೆದು, ಅವಳ ಕೈಗಳ ಮೇಲೆ ತನ್ನ ಕೈಯಿಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದ. ಆಸ್ಪತ್ರೆ ಬರುವವರೆಗೆ ಮೂರು ಜನರ ರಕ್ತ, ಬೆವರು ನನ್ನಲ್ಲಿ ಕಲೆತವು.

ನನ್ನನ್ನು ಕತ್ತರಿಸಿದ್ದು ಡಾಕ್ಟರು, ಆಪರೇಷನ್ ಕೋಣೆಯಲ್ಲಿ. ಗುತ್ತೆಪ್ಪ ಉಳಿದ.

ಈಗ ಆಸ್ಪತ್ರೆ ಕಸದ ಹಳದಿ ಚೀಲದಲ್ಲಿದ್ದೇನೆ, ನಾಳೆ ಸುಡುತ್ತಾರಂತೆ. ಕಿಟಕಿಯಾಚೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿರುವ ಉಡಚಪ್ಪ, ಕರಿಯವ್ವರ ಮಾತು ಕೇಳುತ್ತಿದೆ.

"ಯವ್ವಾ, ಬರೂ ವರ್ಷ ಸುನಾಮಿನ್ನ ಬಿಡಬ್ಯಾಡ."

"ನಿನ್ನ ತಮ್ಮನ್ನ ಕಟ್ಟಿಹಾಕಪಾ. ಎಚ್ಚರಾದ ಕೂಡ್ಲೆ 'ಹಾರ ಎಲ್ಲೈತಿ' ಅಂದ್ನಂತ."

ಇಬ್ಬರೂ ನಕ್ಕರು. ಆಮೇಲೆ ಉಡಚಪ್ಪ ಬಿಕ್ಕಿ ಬಿಕ್ಕಿ ಅತ್ತ. ಕಟ್ಟಿದಾಗಿನಿಂದ ಕತ್ತರಿಸುವವರೆಗೆ ನನ್ನ ಆಯುಷ್ಯ ಒಟ್ಟು ಒಂದೂವರೆ ತಾಸು. ಅಷ್ಟೂ ಹೊತ್ತು ಬಿಗಿಯಾಗೇ ಇದ್ದೆ.