ವ್ಯಾನಿನ ಬೆನ್ನ ಮೇಲಿನ ವಿಳಾಸ

ಬೆಂದ ಹುರುಳಿಯ ವಾಸನೆ ಬಂದರೆ ಪುಟ್ಟಲಕ್ಷ್ಮಮ್ಮನವರಿಗೆ ಇಂದಿಗೂ ಯಲಹಂಕದ ಜಟಕಾ ನೆನಪಾಗುತ್ತದೆ. ಕುದುರೆ ತಿಂದು ಮುಗಿಸುವವರೆಗೂ ಮಕ್ಕಳು ಕಾಯಬೇಕು. ಆಮೇಲೆ ಶಾಲೆಯ ದಾರಿ. ಹೂವಿನವಳು, ಸೈಕಲ್ ಶಾಪಿನವನು, ಎಲ್ಲರೂ ತಲೆಯೆತ್ತಿ ನೋಡುವವರೇ. ಯಾರ ಕಾಲಾದರೂ ಹೊರಗೆ ಚಾಚಿದ್ದರೆ ಗದರಿ ಒಳಗೆ ಹಾಕಿಸುವವರೇ.

ಈಗ ಮೊಮ್ಮಗಳು ಅಕ್ಷಯಾ ರಾಜಾನುಕುಂಟೆಯ ಚಿಕ್ಕಹನುಮಯ್ಯನ ಶಾಲಾ ವ್ಯಾನಿನಲ್ಲಿ ಹೋಗುತ್ತಾಳೆ. ವ್ಯಾನಿಗೆ ಜಿಪಿಎಸ್ ಇದೆ. ಅದರ ಸರ್ವರ್ ಅವನ ಮನೆಯ ಹಳೇ ಕಂಪ್ಯೂಟರಿನಲ್ಲಿ. ವ್ಯಾನು ಎಲ್ಲಿದೆಯೆಂದು ಪೋಷಕರು ಮೊಬೈಲಿನಲ್ಲಿ ನೋಡಿಕೊಳ್ಳಲೆಂದು ಅದರ ವೆಬ್ ಪುಟದ ವಿಳಾಸವನ್ನು ವ್ಯಾನಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದ. ಪಾಸ್‌ವರ್ಡ್ ಮಾತ್ರ ಸಾಫ್ಟ್‌ವೇರ್ ಜೊತೆ ಬಂದದ್ದೇ, ಕೊಂಡವರಿಗೆಲ್ಲ ಒಂದೇ; ಅವನು ಬದಲಿಸಿರಲಿಲ್ಲ.

ಪಕ್ಕದ ಮನೆಯ ನಯನಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಒಂದು ಶನಿವಾರ ಪುಟ್ಟಲಕ್ಷ್ಮಮ್ಮನವರನ್ನು ಕರೆದುಕೊಂಡು ಚಿಕ್ಕಹನುಮಯ್ಯನ ಮನೆಗೆ ಹೋದಳು. ಅರ್ಧ ದಿನದ ಶಾಲೆ ಮುಗಿದು, ಮಕ್ಕಳನ್ನು ಮನೆಗೆ ಬಿಡಲು ವ್ಯಾನು ಡ್ರೈವರ್ ಜೊತೆ ಹೊರಗಿತ್ತು.

"ನಿಮ್ ವ್ಯಾನಿನ ಪುಟಾನ ಯಾರ್ ಬೇಕಾದ್ರೂ ನೋಡ್ಬೋದು ಹನುಮಯ್ಯ," ಎಂದಳು.

"ನೋಡ್ಲಿ ಬಿಡವ್ವ. ನಮ್ ಕಾಲ್ದಲ್ಲಿ ಊರೆಲ್ಲ ನೋಡ್ತಿರ್ಲಿಲ್ವಾ? ಅಲ್ವೇನಮ್ಮ?"

ಪುಟ್ಟಲಕ್ಷ್ಮಮ್ಮನವರಿಗೂ ಹೌದೆನ್ನಿಸಿತು.

ನಯನಾ ತನ್ನ ಮೊಬೈಲ್ ತೆಗೆದಳು. "ನೀವ್ ನಂಗೆ ಪಾಸ್‌ವರ್ಡ್ ಹೇಳಿಲ್ಲ. ಆದ್ರೂ ನೋಡಿ, ವ್ಯಾನು ಬಾಗಲೂರು ಕ್ರಾಸ್ ದಾಟ್ತು. ಸ್ಟಾಪಿಗೆಲ್ಲ ಮಕ್ಕಳ ಹೆಸರೇ ಇಟ್ಟಿದೀರಿ. ಮುಂದಿಂದು ಅಕ್ಷಯಾದು. ದಿನಾ ಎಷ್ಟೊತ್ತಿಗೆ ಇಳೀತಾಳೆ, ಅದೂ ಇದೆ."

ಪುಟ್ಟಲಕ್ಷ್ಮಮ್ಮನವರು ತಟ್ಟನೆ ಎದ್ದರು. ಮನೆಗೆ ಫೋನ್ ಹಚ್ಚಿದರು. ಅಕ್ಷಯಾ ಬಂದಳೆಂದು ಕೇಳಿದ ಮೇಲೆಯೇ ಕೂತರು.

"ಆಗ ನೋಡೋರ ಮುಖ ನಮಗೂ ಕಾಣ್ತಿತ್ತು ಕಣಪ್ಪ. ಈಗ ಯಾರ್ ನೋಡ್ತಿದಾರೆ, ಹೇಳು?"

ಚಿಕ್ಕಹನುಮಯ್ಯ ಕುರ್ಚಿ ಎಳೆದು ನಯನಾಳ ಮುಂದಿಟ್ಟ. "ಏನ್ ಮಾಡ್ಬೇಕೋ ಹೇಳವ್ವ. ವ್ಯಾನಿನ ಹಿಂದಿರೋ ವಿಳಾಸ ಅಳಿಸೋಕೆ ಬಣ್ಣ ಬಳಿಯೋನ್ನೂ ಕರೀತೀನಿ."

"ಬರೀ ಬಣ್ಣ ಬಳಿದ್ರೆ ಆಗಲ್ಲ ಕಣ್ರೀ," ಎಂದು ಅವಳು ನಕ್ಕಳು.

ಮೊದಲು ಉದ್ದನೆಯ ಹೊಸ ಪಾಸ್‌ವರ್ಡ್. ಹೊರಗಿನವರು ತಾವೇ ಖಾತೆ ತೆರೆಯುವ ದಾರಿ ಬಂದ್. ಪ್ರತಿ ಮನೆಗೂ ಬೇರೆ ಖಾತೆ. ಮಕ್ಕಳ ಹೆಸರಿದ್ದ ಕಡೆ ಬರೀ ನಂಬರು. ನಡುವೆ ಯಾರೂ ಕದ್ದು ಓದದಂತೆ ಪುಟಕ್ಕೆ ಎಚ್‌ಟಿಟಿಪಿಎಸ್ ಬೀಗ ಹಾಕಿ, ಹೊರಗಿನಿಂದ ಕಂಪ್ಯೂಟರಿಗೆ ನುಗ್ಗುವ ಬಾಗಿಲುಗಳಂಥ ಬೇಡದ ಪೋರ್ಟುಗಳನ್ನೆಲ್ಲ ಮುಚ್ಚಿದಳು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಹಳೆಯ ಓಡಾಟದ ವಿವರ ತಾನಾಗಿ ಅಳಿಯುವಂತೆ ಇಟ್ಟಳು.

ಶಾಲಾ ವ್ಯಾನಿಗೋ ಹಾಲಿನ ಗಾಡಿಗೋ ನೀವೂ ಇಂಥ ಸರ್ವರ್ ಇಟ್ಟುಕೊಂಡಿದ್ದೀರಾ? ಬಂದಾಗಿನ ಪಾಸ್‌ವರ್ಡೇ ಇದ್ದರೆ ಇವತ್ತೇ ಬದಲಿಸಿ. ಗೊತ್ತಾಗದಿದ್ದರೆ ಬಲ್ಲವರನ್ನು ಕರೆಯಿರಿ. ಪೋಷಕರೇ, ನಿಮ್ಮ ಮಗುವಿನ ದಾರಿ ಯಾರಿಗೆಲ್ಲ ಕಾಣುತ್ತಿದೆಯೆಂದು ಸಂಕೋಚವಿಲ್ಲದೆ ಕೇಳಿ.

ಅಂದು ಕೊನೆಯ ಖಾತೆ ತೆರೆಯುವಾಗ ಊಟದ ಹೊತ್ತು ಮೀರಿತ್ತು. ಚಿಕ್ಕಹನುಮಯ್ಯನ ಹೆಂಡತಿ ರತ್ನಕ್ಕ ಫ್ಯಾನನ್ನು ನಯನಾಳ ಕಡೆ ತಿರುಗಿಸಿ, ಮುದ್ದೆ ಬಸ್ಸಾರಿನ ತಟ್ಟೆಯನ್ನು ಸದ್ದಿಲ್ಲದೆ ಅವಳ ಕೈಗಿತ್ತಳು.