ವಾಪಸ್ ಬರುವ ಟ್ರ್ಯಾಕ್

ಕಂಪ್ಯೂಟರಿನಲ್ಲಿರುವ ದನಿಯನ್ನು ಹೊರಗೆ ಕಳಿಸಬೇಕು, ಎಕೋ ಪೆಟ್ಟಿಗೆಯೊಳಗೆ ಹಾಯಿಸಬೇಕು, ಮತ್ತೆ ಒಳಗೆ ಕರೆದುಕೊಳ್ಳಬೇಕು. ಇಷ್ಟೇ ಕೆಲಸ. ಸೌಂಡ್ ಕಾರ್ಡಿನ ಬೆನ್ನಿನಲ್ಲಿ ಹೊರಹೋಗಲು ಎಂಟು ತೂತು, ಒಳಬರಲು ಎಂಟು. ಒಂದು-ಎರಡು ಸ್ಪೀಕರಿಗೆ. ಮೂರು-ನಾಲ್ಕರಿಂದ ವೈರು ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆಯಿಂದ ಇನ್ನೊಂದು ಜೋಡಿ ವೈರು ಒಳಬರುವ ಮೂರು-ನಾಲ್ಕಕ್ಕೆ ಬರುತ್ತದೆ. ಹಾಗೆ ಬಂದ ದನಿಗೆ ಪರದೆಯ ಮೇಲೆ ಬೇರೆಯೇ ಒಂದು ಟ್ರ್ಯಾಕ್. ಅದಕ್ಕೆ ನಾನು 'ವಾಪಸ್' ಎಂದು ಹೆಸರಿಟ್ಟಿದ್ದೆ. ಪ್ರತಿ ಟ್ರ್ಯಾಕಿಗೂ ಒಂದು ಎಕೋ ಗುಂಡಿ ಇರುತ್ತದೆ, ತಿರುಗಿಸಿದಷ್ಟೂ ಆ ದನಿ ಪೆಟ್ಟಿಗೆಗೆ ಹೋಗುತ್ತದೆ. ವಾಪಸ್ ಟ್ರ್ಯಾಕಿಗೂ ಇದೆ. ಅದನ್ನು ಮಾತ್ರ ಮುಟ್ಟಬಾರದು. ಮುಟ್ಟಿದರೆ ಪೆಟ್ಟಿಗೆಯಿಂದ ಬಂದದ್ದೇ ಮತ್ತೆ ಪೆಟ್ಟಿಗೆಗೆ ಹೋಗಿ, ಇನ್ನಷ್ಟು ಕೊಬ್ಬಿ ಬಂದು, ಮತ್ತೆ ಹೋಗಿ, ಎರಡು ಸೆಕೆಂಡಿನಲ್ಲಿ ರಾಕ್ಷಸನಾಗಿ ಕಿರುಚುತ್ತದೆ.

ಇದನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನಾನು ಶಾಲೆಯನ್ನು ಬಿಟ್ಟೆ, ಶಾಲೆ ನನ್ನನ್ನು ಅದಕ್ಕೂ ಮೊದಲೇ ಬಿಟ್ಟಿತ್ತು. ರೇಡಿಯೊ ರಿಪೇರಿ ಅಂಗಡಿಯಲ್ಲಿ ಆರು ವರ್ಷ ಬೆಸುಗೆಯ ಹೊಗೆ ಕುಡಿದು ಕಲಿತೆ. ಪೆಟ್ಟಿಗೆಯೂ ನನ್ನದೇ. ಗುಜರಿಯವನ ರಾಶಿಯಲ್ಲಿ ಬಿದ್ದಿತ್ತು, ಒಳಗಿನ ಸ್ಪ್ರಿಂಗು ಕಿತ್ತು ನೇತಾಡುತ್ತಿತ್ತು. ಕೂರಿಸಿ, ಒಂದು ಹಾಳು ಟ್ರಾನ್ಸ್‌ಫಾರ್ಮರ್ ಬದಲಿಸಿ, ಅಕ್ಕನ ದನಿಯನ್ನು ಅದರಲ್ಲಿ ಹಾಯಿಸಿದ ದಿನ ಅಕ್ಕ ಹೆಡ್‌ಫೋನ್ ತೆಗೆಯದೆ ಸುಮ್ಮನೆ ಕೂತಿದ್ದಳು. ಮಕ್ಕಳ ಹಾಡಿನ ಕಂಪನಿಯವರು ಆ ದನಿ ಕೇಳಿಯೇ ಹತ್ತು ಹಾಡು ಕೊಟ್ಟರು.

ಸ್ಟುಡಿಯೊ ಭಾವನದು. ಮನೆಯೂ ಅವನದೇ, ಕೆಳಗೆ ಸ್ಟುಡಿಯೊ, ಮಧ್ಯದಲ್ಲಿ ಅವನು ಮತ್ತು ಅಕ್ಕ, ಮೇಲಿನ ಕೋಣೆಯಲ್ಲಿ ನಾನು ಮತ್ತು ಅಮ್ಮ. ಅವನ ಕುರ್ಚಿಯ ಹಿಂದೆ ಗೋಡೆಯ ಮೇಲೆ ಸೌಂಡ್ ಎಂಜಿನಿಯರಿಂಗ್ ಡಿಪ್ಲೊಮಾ, ಗಾಜು ಹಾಕಿಸಿದ್ದು.

ಆರು ಹಾಡು ಮುಗಿದಿತ್ತು. ಏಳನೆಯದಕ್ಕೆ ಅಕ್ಕ ಎಂದಿನಂತೆ ಹೆಡ್‌ಫೋನನ್ನು ಎಡಗಿವಿಗೆ ಮಾತ್ರ ಹಾಕಿಕೊಂಡು ಗಾಜಿನಾಚೆ ಮೈಕಿನ ಮುಂದೆ ನಿಂತಾಗ ಪಕ್ಕದ ಬಡಗಿಯ ಮಷಿನ್ ಶುರುವಾಯಿತು. ಮರ ಹೆರೆಯುವ ಆ ಸದ್ದು ಎರಡು ಗೋಡೆ ದಾಟಿ ಮೈಕಿಗೆ ಬರುತ್ತದೆ.

"ಹೋಗಿ ಅವನಿಗೆ ಹೇಳ್ಬಾ, ಅರ್ಧ ಗಂಟೆ ನಿಲ್ಸು ಅಂತ," ಎಂದ ಭಾವ. "ಎಂಜಿನಿಯರ್ ಸಾಹೇಬ್ರೇ ಬಂದ್ರೆ ಕೇಳ್ತಾನೆ."

"ಹೋಗ್ತೀನಿ. ವಾಪಸ್ ಟ್ರ್ಯಾಕಿನ ಗುಂಡಿ ಮುಟ್ಬೇಡಿ ಭಾವ."

"ನಂಗೇ ಪಾಠನಾ? ಗೋಡೆ ಮೇಲೆ ಏನಿದೆ ನೋಡಿದೀಯಾ?"

"ನೋಡಿದೀನಿ. ಮೊಳೆ ಹೊಡ್ದಿದ್ದು ನಾನೇ."

ಬಡಗಿ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ನನ್ನ ಮಾತು ಕೇಳಿದ. "ನಿಮ್ಮಕ್ಕ ಹಾಡ್ತಾಳೆ ಅಂದ್ರೆ ನಿಲ್ಸ್ತೀನಪ್ಪ. ನಿಮ್ ಭಾವ ಹಾಡೋದಾದ್ರೆ ಹೇಳು, ಇನ್ನೊಂದು ಮಷಿನೂ ಹಚ್ತೀನಿ." ಸ್ವಿಚ್ ಒತ್ತಿದ. ಚಕ್ರ ನಿಧಾನವಾಗಿ ನಿಂತಿತು. ಆಗ ನಮ್ಮ ಗೋಡೆಯ ಕಡೆಯಿಂದ ಆ ಕಿರುಚಾಟ ಬಂತು.

"ಏನಯ್ಯಾ ಅದು, ನಂದು ನಿಂತಾಯ್ತಲ್ಲ," ಎಂದ ಬಡಗಿ.

ನಾನು ಓಡಿದೆ. ಪೆಟ್ಟಿಗೆಯ ವೈರನ್ನು ಬುಡದಿಂದ ಕಿತ್ತೆ. ಗಾಜಿನಾಚೆ ಹೆಡ್‌ಫೋನ್ ನೆಲದ ಮೇಲಿತ್ತು, ಅಕ್ಕ ಎಡಗಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ಕುಸಿದಿದ್ದಳು. ಭಾವ ಎರಡೂ ಕೈ ಮೇಲೆತ್ತಿ, ಮೇಜಿನಿಂದ ದೂರ ನಿಂತಿದ್ದ.

"ನಿನ್ ಡಬ್ಬ ಕೆಟ್ಟಿದೆ ಕಣೋ." ಅವನ ಮೊದಲ ಮಾತು ಅದು. ಹೆಂಡತಿಯ ಹತ್ತಿರ ಹೋಗುವ ಮೊದಲು ಆಡಿದ ಮಾತು.

ನಾನು ಅಕ್ಕನನ್ನು ಎಬ್ಬಿಸುವಷ್ಟರಲ್ಲಿ ಅವನು ಪರದೆಯ ಮೇಲಿದ್ದದ್ದನ್ನು ಮುಚ್ಚಿಬಿಟ್ಟಿದ್ದ. ಇದ್ದಂತೆಯೇ ಉಳಿಸಲೇ ಎಂದು ಕಂಪ್ಯೂಟರ್ ಕೇಳಿದ್ದಕ್ಕೆ ಹೌದು ಎಂದು ಒತ್ತಿದ್ದ. ಕಳ್ಳತನ ಮಾಡಲಿಕ್ಕೂ ವಿದ್ಯೆ ಬೇಕು.

ಕಿವಿ ಡಾಕ್ಟರು ಅಕ್ಕನನ್ನು ಸಣ್ಣ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎಡಗಿವಿಗೆ ಸಣ್ಣ ದನಿಗಳು, ಮೇಲಿನ ಸ್ವರಗಳು ಕೇಳುತ್ತಿರಲಿಲ್ಲ. ಸ್ವಲ್ಪ ವಾಪಸ್ ಬರಬಹುದು, ಎಲ್ಲವೂ ಬರುವುದಿಲ್ಲ ಎಂದರು. ಹೇಗಾಯಿತು ಎಂದು ಕೇಳಿದರು.

"ಇವ್ನು ಹಳೇ ಡಬ್ಬ ಏನೋ ಜೋಡ್ಸಿದ್ದ ಡಾಕ್ಟ್ರೇ," ಎಂದ ಭಾವ.

ನಾನು ಅಕ್ಕನ ಮುಖ ನೋಡಿದೆ. ನನಗೆ ಬೇಕಿದ್ದದ್ದು ಅವಳ ಬಾಯಿಂದ ಒಂದೇ ಮಾತು: ಇವನಲ್ಲ. ಅವಳು ಕೈಚೀಲದ ಜಿಪ್ ಎಳೆದಳು, ಹಾಕಿದಳು, ಮತ್ತೆ ಎಳೆದಳು.

ಮನೆಯಲ್ಲಿ ಅಮ್ಮನದು ಶುರುವಾಯಿತು. "ಕರೆಂಟಿನ ಜೊತೆ ಆಟ ಬೇಡ ಅಂತ ಹುಟ್ಟಿದಾಗಿಂದ ಬಡ್ಕೊಂಡೆ. ಹಾಡೋಳ ಕಿವಿ ತಿಂದ್ಯಲ್ಲೋ. ಅವಳ ಅನ್ನಕ್ಕೇ ಮಣ್ಣು ಹಾಕ್ದೆ."

"ನಾನು ಅಲ್ಲಿರ್ಲೇ ಇಲ್ಲಮ್ಮ. ಬಡಗೀನ ಕೇಳು."

"ಬಡಗೀನ ಯಾಕೆ ಕೇಳ್ಲಿ? ಡಬ್ಬ ತಂದಿದ್ದು ಬಡಗಿನಾ?"

ಮೂರು ದಿನ ಮನೆಯಲ್ಲಿ ಯಾರೂ ನನ್ನ ತಟ್ಟೆಯ ಕಡೆ ನೋಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಭಾವ ಹೊರಗೆ ಹೋದಾಗ ಅಕ್ಕನನ್ನು ಕೈ ಹಿಡಿದು ಕೆಳಗೆ ಕರೆತಂದು ಪರದೆಯ ಮುಂದೆ ಕೂರಿಸಿದೆ. ಏಳನೇ ಹಾಡನ್ನು ತೆರೆದೆ. ವಾಪಸ್ ಟ್ರ್ಯಾಕಿನ ಗುಂಡಿ ಮುಕ್ಕಾಲು ತಿರುಗಿ ನಿಂತಿತ್ತು. ಪಕ್ಕದಲ್ಲಿ ಉಳಿಸಿದ ಗಂಟೆ, ನಿಮಿಷ ಎಲ್ಲ ಇತ್ತು.

"ನೋಡು. ನಾನು ಬಡಗಿ ಹತ್ರ ಇದ್ದೆ. ಇದು ಯಾರ ಕೈ?"

ಅವಳು ಬಲಗಿವಿ ನನ್ನ ಕಡೆ ಬರುವಂತೆ ತಿರುಗಿ ಕೂತಳು. "ಗೊತ್ತು," ಎಂದಳು.

"ಏನ್ ಗೊತ್ತು?"

"ಗಾಜಿಂದ ಕಾಣ್ಸುತ್ತಲ್ಲ. ಎಕೋ ಸಾಲಲ್ಲ ಅಂತ ನಾನೇ ಸನ್ನೆ ಮಾಡ್ದೆ. ಅವ್ರು ಅದನ್ನ ತಿರುಗಿಸಿದ್ರು."

"ಮತ್ತೆ ಡಾಕ್ಟ್ರ ಮುಂದೆ ಬಾಯಿ ಯಾಕೆ ಬಿಡ್ಲಿಲ್ಲ?"

ಅವಳು ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. "ಅವ್ರು ಮಾಡಿದ್ದು ಅಂತ ಆದ್ರೆ ನಾನು ದಿನಾ ಆ ಮುಖ ನೋಡ್ಕೊಂಡಿರ್ಬೇಕು ಕಣೋ. ನೀನು ಮಾಡಿದ್ದು ಅಂದ್ರೆ ನಾಕು ದಿನ ಬೈದು ಮರೀಬಹುದು. ತಮ್ಮ ಎಲ್ಲಿಗೆ ಹೋಗ್ತಾನೆ."

"ನಂಗೂ ಒಂದು ಮುಖ ಇದೆ ಅಕ್ಕ."

"ಈ ಕಡೆ ಬಂದು ಹೇಳು. ಕೇಳಿಸ್ಲಿಲ್ಲ."

ನಾನು ಏಳನೇ ಹಾಡನ್ನು ಮುಚ್ಚಿದೆ.

ಮಧ್ಯಾಹ್ನ ಭಾವ ಬಂದವನೇ ವಿಷಯಕ್ಕೆ ಬಂದ. ನನಗೆ ಬೇರೆ ಕಡೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದಂತೆ. ಅಮ್ಮ ಇಲ್ಲೇ ಇರಲಿ, ತೊಂದರೆ ಇಲ್ಲವಂತೆ. "ಡಬ್ಬ ಮಾತ್ರ ಬಿಟ್ಟು ಹೋಗು. ಅವಳು ಒಂದೇ ಕಿವೀಲಿ ಆದ್ರೂ ಹಾಡ್ತೀನಿ ಅಂತಿದಾಳೆ. ಇನ್ನೂ ನಾಲ್ಕು ಹಾಡಿದೆ, ದನಿ ಹೊಂದ್ಬೇಕಲ್ಲ."

"ಕೆಟ್ಟಿದೆ ಅಂದ್ರಲ್ಲ."

"ಈಗ ಸರಿಯಾಗಿದೆ."

"ಯಾರು ಸರಿ ಮಾಡಿದ್ದು?"

"ನಾನೇ ನೋಡ್ದೆ," ಎಂದ. ರೆಪ್ಪೆ ಕೂಡ ಅಲುಗಲಿಲ್ಲ.

ಪೆಟ್ಟಿಗೆಯನ್ನು ಎತ್ತಿಕೊಂಡೆ. ನನ್ನದು, ಒಯ್ಯುತ್ತೇನೆ, ಅವನು ತನ್ನ ಡಿಪ್ಲೊಮಾದಲ್ಲಿ ಎಕೋ ತೆಗೆಯಲಿ. ಬಾಗಿಲವರೆಗೂ ಹೋದೆ. ಒಯ್ದರೆ ಉಳಿದ ನಾಲ್ಕು ಹಾಡು ಮೊದಲಿನ ಆರಕ್ಕೆ ಹೊಂದುವುದಿಲ್ಲ, ಕಂಪನಿಯವರು ಹತ್ತನ್ನೂ ತಿರುಗಿಸಿ ಕಳಿಸುತ್ತಾರೆ, ಅಕ್ಕನಿಗೆ ಇನ್ನೊಂದು ಕಂಪನಿ ಸಿಗುವುದಿಲ್ಲ. ಬಿಟ್ಟರೆ ಇವನ ಕೈಯಡಿಯಲ್ಲಿ ಅವಳ ಬಲಗಿವಿ.

ವಾಪಸ್ ಬಂದು ಪೆಟ್ಟಿಗೆಯನ್ನು ಇಟ್ಟೆ. ಒಂದೊಂದೇ ವೈರು ಜೋಡಿಸಿದೆ, ಪ್ರತಿಯೊಂದಕ್ಕೂ ಕಾಗದ ಸುತ್ತಿ ಎಲ್ಲಿಂದ ಎಲ್ಲಿಗೆ ಎಂದು ದಪ್ಪಕ್ಷರದಲ್ಲಿ ಬರೆದೆ. ವಾಪಸ್ ಟ್ರ್ಯಾಕಿನ ಎಕೋ ಗುಂಡಿಯನ್ನು ಪರದೆಯಿಂದಲೇ ಅಳಿಸಿಹಾಕಿದೆ. ಆಮೇಲೆ ಹೆಡ್‌ಫೋನಿಗೆ ಹೋಗುವ ದಾರಿಯಲ್ಲಿ ಒಂದು ತಡೆ ಕೂರಿಸಿದೆ. ಯಾರು ಏನು ತಿರುಗಿಸಿದರೂ, ಏನು ಕಿರುಚಿದರೂ, ನಾನು ಇಟ್ಟ ಮಿತಿಗಿಂತ ಜೋರಾಗಿ ಒಂದು ಕೂದಲೆಳೆಯಷ್ಟೂ ಕಿವಿಗೆ ಹೋಗದಂತೆ.

ಹತ್ತು ನಿಮಿಷದ ಕೆಲಸ. ಮೊದಲ ದಿನವೇ ಮಾಡಬಹುದಿತ್ತು. ತಡೆ ಹಾಕಿದರೆ ದನಿಯ ಜೀವ ಸ್ವಲ್ಪ ಕುಗ್ಗುತ್ತದೆ ಎಂದು ನಾನು ಹಾಕಿರಲಿಲ್ಲ. ನನ್ನ ಪೆಟ್ಟಿಗೆಯ ದನಿ ಅಕ್ಕನಿಗೆ ಪೂರ್ತಿ ಕೇಳಬೇಕು, ತಮ್ಮ ಎಂಥದ್ದು ಮಾಡಿದ ಎಂದು ಗೊತ್ತಾಗಬೇಕು, ಅದಕ್ಕೆ. ಇದನ್ನು ಆ ಮನೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಕೇಳುವಷ್ಟು ತಿಳಿದವರು ಯಾರೂ ಇರಲಿಲ್ಲ.

ಭಾವ ಹೆಡ್‌ಫೋನ್ ಹಾಕಿಕೊಂಡು ಒಂದು ಹಾಡು ಓಡಿಸಿ ನೋಡಿದ. ಹುಬ್ಬು ಗಂಟು ಹಾಕಿದ.

"ಏನೋ, ದನಿ ಸ್ವಲ್ಪ ಸಪ್ಪೆ ಆಗಿದೆ?"

"ಹೂಂ, ಅಷ್ಟೇ ಬರೋದು," ಎಂದು ಬೆಸುಗೆ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡೆ.