ಸುಣ್ಣ ಬಳಿದ ಊರು

ಚನ್ನಬಸವ್ವ ಹದಿನೇಳನೆಯ ರೊಟ್ಟಿ ಬಡಿದು ಹಂಚಿಗೆ ಹಾಕುವಾಗ ಗಂಡ ಮಲಕಪ್ಪ ಅಡಿಗೆಮನೆಗೆ ಇಣುಕಿದ.

“ಬೀಗರು ನಮ್ಮನ್ನ ಉಪವಾಸ ಕೆಡವ್ತಾರಂತ ಮಾಡೀಯೇನು?”

“ನಮಗಲ್ರಿ, ಅಂಬಾಗ. ಆ ಊರಾಗ ಬರೇ ಅಕ್ಕಿ. ಬಸುರಿ ಹುಡುಗಿ, ರೊಟ್ಟಿ ಮ್ಯಾಲ ಮನಸಾಗಿರ್ತದ.”

“ಏಳರಾಗ, ಶ್ರಾವಣದಾಗ ಕರಕೊಂಡು ಬರೂಣು. ಕಾರ್ತಿಕದಾಗ ಹೆರಿಗಿ ಇಲ್ಲೇ ಆಗ್ಲಿ. ಬೀಗರಿಗೆ ಹೇಳಿ ಬಂದುಬಿಡೂಣು.”

ಚನ್ನಬಸವ್ವ ತಲೆಯಾಡಿಸಿದಳು. ಮಗಳ ಚೊಚ್ಚಲ ಹೆರಿಗೆ ತವರಿನಲ್ಲೇ, ಅದರಲ್ಲಿ ಮಾತಿಲ್ಲ. ಆದರೆ ಎಂಟು ವರ್ಷದ ಹಿಂದೆ ಇದೇ ಪುಣೆಯ ಮನೆಯಲ್ಲಿ, ಕಾರ್ತಿಕದಲ್ಲೇ, ಹಿರಿಮಗಳು ಕಲ್ಲವ್ವನ ಕಂಕುಳಲ್ಲಿ ಪ್ಲೇಗಿನ ಗಡ್ಡೆ ಎದ್ದಿತ್ತು. ಮೂರು ದಿನಕ್ಕೆ ಹುಡುಗಿ ಹೋದಳು. ನಾಲ್ಕನೆಯ ದಿನ ಸರಕಾರದವರು ಬಂದು ಹಾಸಿಗೆ ಸುಟ್ಟು, ಗೋಡೆಗೆಲ್ಲ ಸುಣ್ಣ ಹೊಡೆದು ಹೋದರು. ಆಮೇಲೆಯೂ ವರ್ಷ ಬಿಟ್ಟು ವರ್ಷ ಪೇಟೆಯಲ್ಲಿ ಇಲಿ ಸತ್ತು ಬೀಳುತ್ತಲೇ ಇದ್ದವು. ಹಬ್ಬವಿಲ್ಲದ ಕಾಲದಲ್ಲಿ ಹೊಸ ಸುಣ್ಣದ ಮನೆ ಕಂಡರೆ ಅವಳು ಈಗಲೂ ಬೀದಿಯ ಆಚೆ ಬದಿಗೆ ದಾಟುತ್ತಿದ್ದಳು.

ಹೊರಟ ಎರಡನೆಯ ದಿನ ಚಕ್ಕಡಿ ಭೋರ್ ದಾಟಿ ಕಣಿವೆಯಲ್ಲಿ ತಿರುಗಿತು. ಎದುರಿಗೆ ಬೀಗರ ಊರು, ಗುಡ್ಡದ ಓರೆಯಲ್ಲಿ ಒಂದರ ತಲೆಯ ಮೇಲೊಂದು ಕೂತ ಮೂವತ್ತು ಮನೆ. ಮದುವೆಗೆ ಬಂದಾಗ ಎಲ್ಲವೂ ಮಣ್ಣಿನ ಬಣ್ಣದವು. ಈಗ ವೈಶಾಖದ ಬಿಸಿಲಿಗೆ ಇಡೀ ಊರು ಬೆಳ್ಳಗೆ ಹೊಳೆಯುತ್ತಿತ್ತು.

ಮಗಳ ಕಾಗದ ಬಂದು ತಿಂಗಳಾಗಿತ್ತು. ಚನ್ನಬಸವ್ವ ಗಂಡನ ಮುಖ ನೋಡಿದಳು, ಅವನು ಎತ್ತುಗಳನ್ನು ಬಿರುಸಾಗಿ ಹೊಡೆದ. ಎತ್ತು ಏರು ಹತ್ತಲು ತಡವರಿಸಿದ್ದೇ ತಡ, ಇಳಿದು ಸೀರೆ ಎತ್ತಿ ಕಟ್ಟಿ ಓಡಿದಳು.

ಬೀಗರ ಮನೆಯ ಬಾಗಿಲು ತೆರೆದಿತ್ತು. “ಅಂಬಾ,” ಎಂದಳು.

ಹಿತ್ತಲಿಂದ ಬಂದ ಅಂಬಾಳ ಮೊಣಕೈವರೆಗೂ ಸುಣ್ಣ. “ಅವ್ವಾ, ಗ್ವಾಡಿ ಮುಟ್ಟಬ್ಯಾಡ, ಎರಡನೇ ಸಲ ಹಚ್ಚೀವಿ, ಇನ್ನೂ ಹಸಿ ಅದ.”

ಚನ್ನಬಸವ್ವ ಅವಳ ಹಣೆ, ಕುತ್ತಿಗೆ, ಕಂಕುಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

“ಕಚಗುಳಿ ಆಗ್ತದ, ಬಿಡು.”

“ಊರಾಗ ಯಾರಿಗೇನಾಗ್ಯದ?”

“ಹೊಟ್ಟಿಕಿಚ್ಚಾಗ್ಯದ. ನೀವು ಬರ್ತೀರಂತ ನಮ್ಮತ್ತಿ ಸುಣ್ಣ ಹಚ್ಚಿಸಿದ್ರು. ಆಚೀಮನಿ ಕೃಷ್ಣಾಬಾಯಿ ಅದನ್ನ ನೋಡಿ ಸುಮ್ನ ಕೂಡ್ತಾರೇನು? ಅವರನ್ನ ನೋಡಿ ಮ್ಯಾಲಿನ ಮನಿಯವ್ರು. ಎಂಟು ದಿನದಾಗ ಊರೆಲ್ಲಾ ಬೆಳ್ಳಗ.”

ಚನ್ನಬಸವ್ವ ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಏದುಸಿರು ಬಿಡುತ್ತ ಹತ್ತಿ ಬಂದ ಮಲಕಪ್ಪನಿಗೆ ಮಾತು ಸಿಕ್ಕಿತು.

“ಸುಣ್ಣಕ್ಕ ಹೆದರಾಕಿ, ನಾಳೆ ಎಲಿ ಅಡಿಕಿ ಹ್ಯಾಂಗ ಹಾಕೋತಿ?”

“ನೀವ್ಯಾಕ್ರಿ ಬೆವತೀರಿ?”

ಸಂಜೆ ಅಂಗಳದಲ್ಲಿ ಬೀಗತಿ ರಂಗೂಬಾಯಿ ಮರಾಠಿಯಲ್ಲಿ ಮಾತು ತೆಗೆದರು. ಸೊಸೆಯನ್ನು ಯಾವಾಗ ಕರೆದೊಯ್ಯುತ್ತೀರಿ? ಪುಣೆಯಲ್ಲಿ ರೋಗದ ಸುದ್ದಿ ಹೇಗಿದೆ? ದೇವರ ದಯೆ, ಅದು ಈ ಗುಡ್ಡ ಇನ್ನೂ ಹತ್ತಿಲ್ಲ.

“ಶ್ರಾವಣದಲ್ಲಿ,” ಎಂದ ಮಲಕಪ್ಪ, ಹೆಂಡತಿಯ ಕಡೆ ನೋಡಿ.

ಚನ್ನಬಸವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬೀಗರ ಎದುರು ಗಂಡನ ಮಾತು ಮುರಿಯುವುದು ಬೇಡವಾಗಿತ್ತು. ಆದರೆ ಮಗು ಹುಟ್ಟುವುದು ಇಲ್ಲೇ. ಶ್ರಾವಣದಲ್ಲಿ ಏನಾದರೊಂದು ನೆವ ಹೇಳಿದರಾಯಿತು. ಕಾರ್ತಿಕಕ್ಕೆ ಬಾಣಂತನ ಮಾಡಲು ತಾನೇ ಬರುವುದು. ಆಡಿಕೊಳ್ಳುವವರು ಆಡಿಕೊಳ್ಳಲಿ. ಅವಳು ಅಂಬಾಳ ಕೂದಲಿಗಂಟಿದ ಸುಣ್ಣದ ಚಿಪ್ಪನ್ನು ಉಗುರಿನಿಂದ ಒಂದೊಂದಾಗಿ ಬಿಡಿಸತೊಡಗಿದಳು.